ಗುಂಡನ ಕೆಮ್ಮು

ಡಬ್ಬಿಂಗ್ ಸ್ಟುಡಿಯೊದಲ್ಲಿ ಅವರಿಬ್ಬರ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಪರದೆಯ ಮೇಲಿನ ದಢೂತಿ ಪೋಲಿಗೆ ದನಿ ಕೊಡುವವನು ಗುಂಡ, ಅವನ ಬಡಕಲು ಜೊತೆಗಾರನಿಗೆ ದನಿ ಕೊಡುವವನು ಕಡ್ಡಿ. ತಮಾಷೆಯೆಂದರೆ ಗುಂಡ ಗಾಳಿಗೆ ಹಾರಿಹೋಗುವಂಥ ಆಳು. ಕಡ್ಡಿ ಮೈಕಿನ ಮುಂದೆ ನಿಂತರೆ ಹೊಟ್ಟೆಯೇ ಮೊದಲು ತಾಗುತ್ತಿತ್ತು.

ಕ್ರಿಸ್‌ಮಸ್ ಹತ್ತಿರ ಬಂತೆಂದರೆ ಆ ಪೋಲಿಗಳ ಹೊಸ ಸಿನಿಮಾ ಬರುತ್ತಿತ್ತು. ಕಥೆ ಎಲ್ಲ ಸಲವೂ ಒಂದೇ: ಇಬ್ಬರೂ ಗಾಂಜಾ ಹೊಡೆದು ಹಬ್ಬವನ್ನು ಕುಲಗೆಡಿಸುವುದು. ಒಂದರಲ್ಲಿ ಯೇಸು ಹುಟ್ಟಿದ ಗೋದಲಿ ನಾಟಕದ ಕತ್ತೆಯನ್ನು ಕದ್ದು ಲಿಫ್ಟಿನಲ್ಲಿ ಬಚ್ಚಿಡುತ್ತಾರೆ. ಇನ್ನೊಂದರಲ್ಲಿ ಅವರ ಗಾಂಜಾ ಕೇಕು ತಿಂದ ಪಾದ್ರಿ ಪ್ರವಚನದ ನಡುವೆ ಬಿದ್ದು ಬಿದ್ದು ನಗುತ್ತಾನೆ. ಬೆಳಗಾಗುವುದರೊಳಗೆ ಎಲ್ಲರಿಗೂ ಕ್ಷಮೆ, ಎಲ್ಲರಿಗೂ ಊಟ. ಮರ್ಯಾದಸ್ಥರು ಮೂಗು ಮುರಿಯುತ್ತಿದ್ದರು, ಆಮೇಲೆ ಬಾಗಿಲು ಹಾಕಿಕೊಂಡು ನೋಡುತ್ತಿದ್ದರು.

ದನಿ ಕೊಡುವ ಇವರಿಬ್ಬರೋ ಜೀವಮಾನದಲ್ಲಿ ಒಂದು ಸಿಗರೇಟನ್ನೂ ಸೇದಿದವರಲ್ಲ. ಎದೆ ತುಂಬ ಉಸಿರು ಕಟ್ಟಿಕೊಂಡು, ಮೂಗಿನಲ್ಲಿ ಮಾತಾಡಿ, ಕಡೆಗೊಮ್ಮೆ ಕೆಮ್ಮಿಬಿಟ್ಟರೆ ಮುಗಿಯಿತು, ನೋಡುವವರಿಗೆ ಹೊಗೆಯ ವಾಸನೆಯೂ ಬರುತ್ತಿತ್ತು. ಅಂಥ ಗುಂಡನ ಗಂಟಲಿಗೇ ಕ್ಯಾನ್ಸರ್ ಬಂತು. ಎಂಥ ಅನ್ಯಾಯ! ಆಪರೇಷನ್ ಆಗಿ ಜೀವ ಉಳಿಯಿತು, ದನಿ ಹೋಯಿತು. ಈಗ ಕಾಯಿಲೆ ಮತ್ತೆ ತಲೆಯೆತ್ತಿತ್ತು. ಡಾಕ್ಟರು ಔಷಧಿ ಕೊಡುವುದಕ್ಕಿಂತ ಸಮಾಧಾನ ಹೇಳುವುದೇ ಹೆಚ್ಚಾಗಿತ್ತು.

ಈ ಸಲ ಗುಂಡನ ಜಾಗಕ್ಕೆ ನಾಟಕದ ನಟನೊಬ್ಬ ಬಂದ. ಮಾತೆಲ್ಲ ಚೆನ್ನಾಗಿಯೇ ಹೇಳಿದ. ಕೆಮ್ಮು ಮಾತ್ರ ಕೂಡಿಬರಲಿಲ್ಲ. ಅವನನ್ನು ಕಳಿಸಿದ ಮೇಲೆ ಸೌಂಡ್ ಎಂಜಿನಿಯರ್ ಹುಡುಗಿ ಕಡ್ಡಿಯ ಮುಂದೆ ಹಣೆ ಚಚ್ಚಿಕೊಂಡಳು. "ನೆಗಡಿ ಬಂದೋರ ಥರ ಕೆಮ್ತಾರೆ ಸರ್. ಹೋದ ಸಿನಿಮಾದಲ್ಲಿ ಗುಂಡಣ್ಣ ಕೆಮ್ಮಿದ್ದು ಇದೆಯಲ್ಲ, ಅದನ್ನೇ ಹಾಕ್ತೀನಿ. ಅವರ ಹೆಂಡ್ತಿಗೆ ಫೋನ್ ಮಾಡಿ ಕೇಳಿದ್ದೂ ಆಯ್ತು, ಖುಷಿಯಿಂದ ಒಪ್ಕೊಂಡ್ರಂತೆ."

ಆ ಕೆಮ್ಮು ಕಡ್ಡಿಗೆ ನೆನಪಿತ್ತು. ಅವತ್ತು ಸ್ಟುಡಿಯೊ ಮಂದಿಯೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು. ಇನ್ನೂ ಜೋರಾಗಿ ಎಂದು ಬೆನ್ನು ತಟ್ಟಿ ಮತ್ತೆ ಮತ್ತೆ ಕೆಮ್ಮಿಸಿದವನು ಇವನೇ. ಈಗ ಚಿತ್ರವಿಲ್ಲದೆ, ಸಂಗೀತವಿಲ್ಲದೆ ಹೆಡ್‌ಫೋನಿನಲ್ಲಿ ಕೇಳಿದವನು ಮತ್ತೊಮ್ಮೆ ಹಾಕಿಸಿಕೊಂಡು ಕೇಳಿದ. ಅದರಲ್ಲಿ ನಟನೆ ಎಳ್ಳಷ್ಟೂ ಇರಲಿಲ್ಲ. ಆಪರೇಷನ್ನಿಗೆ ಮುಂಚೆ ಆಸ್ಪತ್ರೆಯ ವಾರ್ಡಿನಲ್ಲಿ ಕೇಳಿದ್ದ ಕೆಮ್ಮೇ ಅದು. ರೋಗ ಅವತ್ತೇ ಬಾಯಿಬಿಟ್ಟು ಹೇಳಿತ್ತು; ಇವರು ಚಪ್ಪಾಳೆ ತಟ್ಟಿದ್ದರು.

"ಅದನ್ನ ಹಾಕ್ಬೇಡಮ್ಮ. ನಾನು ಅವನ ಹತ್ರ ಮಾತಾಡ್ತೀನಿ," ಎಂದವನೇ ಕಡ್ಡಿ ಗೆಳೆಯನ ಮನೆಗೆ ಹೊರಟ.

ಗುಂಡ ಕತ್ತಿಗೆ ಬಟ್ಟೆ ಸುತ್ತಿಕೊಂಡು, ಸೋಫಾದಲ್ಲಿ ಒರಗಿ, ಆ ಕತ್ತೆಯ ಸಿನಿಮಾ ನೋಡುತ್ತಿದ್ದ. ಅವನ ಹೆಂಡತಿ ದೂರು ಹೇಳಿದಳು: "ಬೆಳಗಿಂದ ಇದೇ ಅಣ್ಣ. ಒಳ್ಳೆ ಹಬ್ಬದ ಸಿನಿಮಾ ಹಾಕಿದ್ರೆ ರಿಮೋಟ್ ಕಿತ್ಕೋತಾರೆ. ಅದ್ರಲ್ಲಿ ಕಾಯಿಲೆಯವ್ರೆಲ್ಲ ಒಳ್ಳೆ ಮಾತಾಡಿ ಸಾಯ್ತಾರಂತೆ. ಈ ಪೋಲಿಗಳು ಏನ್ ಮಾಡಿದ್ರೂ ಸಾಯಲ್ವಂತೆ." ಅಷ್ಟು ಹೇಳಿ ಟೀ ಮಾಡಲು ಒಳಗೆ ಹೋದಳು.

ಜೀವಮಾನವೆಲ್ಲ ಪರದೆಯ ತುಟಿ ನೋಡಿಯೇ ಅನ್ನ ತಿಂದ ಕಡ್ಡಿಗೆ ಗೆಳೆಯನ ತುಟಿ ಓದುವುದು ಕಷ್ಟವಾಗಿರಲಿಲ್ಲ. ಅಭ್ಯಾಸಬಲ ನೋಡಿ, ಗುಂಡ ತುಟಿಯಾಡಿಸಿದರೆ ಸಾಕು, ಇವನು ಅವನದೇ ಧಾಟಿಯಲ್ಲಿ ಗಟ್ಟಿಯಾಗಿ ಹೇಳಿಬಿಡುತ್ತಿದ್ದ.

"ಆ ಕೆಮ್ಮು ಬೇಡ ಕಣೋ," ಎಂದ ಕಡ್ಡಿ. "ಅದು ಕಾಯಿಲೆ ಕೆಮ್ಮು. ಗೊತ್ತಾಗದೆ ನಾನೇ ಬೆನ್ನು ತಟ್ಟಿ ಕೆಮ್ಮಿಸಿದೆ."

ಗುಂಡನ ತುಟಿ ಆಡಿತು. ಮಾತು ಕಡ್ಡಿಯ ಬಾಯಿಂದ ಬಂತು: "ನಂಗೆ ಗೊತ್ತಿತ್ತು. ಅವತ್ತೇ ಕರ್ಚೀಫಲ್ಲಿ ರಕ್ತ ಬಿದ್ದಿತ್ತು."

ಹೇಳಿದ ಮೇಲೆ ಅದರ ಅರ್ಥ ತಲೆಗೆ ಹತ್ತಿ ಕಡ್ಡಿ ಬೆಚ್ಚಿಬಿದ್ದ. "ಮತ್ಯಾಕೋ ಬಾಯ್ಮುಚ್ಕೊಂಡಿದ್ದೆ?"

"ಎಲ್ಲಾರೂ ನಗ್ತಿದ್ರಲ್ಲ. ಅಷ್ಟು ನಗ್ಸಿದ್ದು ನಾನು ಯಾವತ್ತೂ ಇಲ್ಲ." ಇದನ್ನೂ ಕಡ್ಡಿಯೇ ಹೇಳಿದ. ಆಮೇಲೆ ಗುಂಡ ಟಿವಿಯ ಕಡೆ ಕೈ ತೋರಿಸಿ ಇನ್ನೊಂದು ಮಾತಾಡಿದ. ನಾನು ಹೋದ್ಮೇಲೂ ಆ ದಪ್ಪ ನನ್ಮಗ ಬದುಕೇ ಇರ್ತಾನೆ, ಅವನಿಗೆ ನನ್ನ ಕೆಮ್ಮಾದ್ರೂ ಇರ್ಲಿ. ಅದಕ್ಕೆ ದನಿ ಕೊಡಲು ಕಡ್ಡಿಯಿಂದ ಆಗಲಿಲ್ಲ.

"ಏನಂತೆ?" ಎನ್ನುತ್ತ ಹೆಂಡತಿ ಟೀ ತಂದಳು.

"ಸಕ್ಕರೆ ಜಾಸ್ತಿ ಹಾಕ್ಬೇಕಿತ್ತಂತೆ," ಎಂದ ಕಡ್ಡಿ. ಗುಂಡ ಭುಜ ಕುಣಿಸಿ ನಕ್ಕ.

ಮಾರನೆಯ ದಿನ ಹುಡುಗಿ ಕೆಮ್ಮನ್ನು ಅದರ ಜಾಗಕ್ಕೆ ಕೂರಿಸಿದಳು. ಅದರ ಬೆನ್ನಿಗೇ ಕಡ್ಡಿಯ ಮಾತು: "ಸಾಯ್ಬೇಡ ಕಣೋ, ಕೇಕ್ ಇನ್ನೂ ಕತ್ತರಿಸಿಲ್ಲ!" ಒಮ್ಮೆ ಹೇಳಿದ, ತುಟಿಗೆ ಕೂಡಲಿಲ್ಲ. ಇನ್ನೊಮ್ಮೆ ಹೇಳಿದ, ಬೇಡಿಕೊಂಡಂತೆ ಕೇಳಿತು.

"ಸರ್, ತಮಾಷೆ ಸೀನು. ಸ್ವಲ್ಪ ನಗ್ತಾ ಹೇಳಿ."

ಹೆಡ್‌ಫೋನಿನಲ್ಲಿ ಗುಂಡ ಮತ್ತೆ ಕೆಮ್ಮತೊಡಗಿದ. ಕಡ್ಡಿ ಕಣ್ಣೊರೆಸಿಕೊಂಡು ಜೋರಾಗಿ ನಕ್ಕ. "ಸಾಯ್ಬೇಡ ಕಣೋ," ಎಂದ. ಪರದೆಯ ಬಡಕಲನ ತುಟಿ ಇನ್ನೂ ಆಡುತ್ತಿತ್ತು. ಮಿಕ್ಕ ಮಾತು ಕಡ್ಡಿಯ ಬಾಯಿಗೆ ಬರಲಿಲ್ಲ.