ಕ್ಯಾರವಾನಿನ ನೀಲಿ ನೀರು

ಮೂವತ್ತೆರಡು ವರ್ಷ ನಾನು ಹೆಲ್ತ್ ಇನ್‌ಸ್ಪೆಕ್ಟರ್ ಆಗಿದ್ದೆ. ನನ್ನ ಮೋಟರ್ ಸೈಕಲ್ಲಿನ ಸದ್ದು ಕೇಳಿದರೆ ಸಾಕು, ಆಳಂದದ ಹೋಟೆಲಿನವರು ಹಳಸಿದ ಪಲ್ಯದ ಪಾತ್ರೆಯನ್ನು ಹಿತ್ತಲಿಗೆ ಸಾಗಿಸುತ್ತಿದ್ದರು. ಬಾವಿಯಿರಲಿ, ಹಾಸ್ಟೆಲಿರಲಿ, ಅಲ್ಲಿಯ ಒಂದು ಲೋಟ ನೀರು ಕುಡಿಯದೆ ನಾನು ‘ಯೋಗ್ಯ’ ಎಂದು ಸಹಿ ಮಾಡಿದವನಲ್ಲ. ಕುಡಿಯಲು ಹೇಸಿಗೆಯಾದರೆ ಸಹಿಯೂ ಇಲ್ಲ. ಈ ಹಟದಿಂದ ನನಗೆ ಎರಡು ಸಲ ವರ್ಗವಾಗಿದೆ, ಒಂದು ಸಲ ಕಾಮಾಲೆಯಾಗಿದೆ.

ನಿವೃತ್ತನಾಗಿ ಸುಮ್ಮನಿದ್ದವನ ಮನೆಗೆ ಕಲಬುರಗಿಯ ಧರ್ಮರಾಜ ಬಂದ. ಅವನದು ಕ್ಯಾರವಾನ್ ಬಾಡಿಗೆ ಕೊಡುವ ಕಂಪನಿ. ಹಾಸಿಗೆ, ಒಲೆ, ಪಾಯಖಾನೆ ಎಲ್ಲವೂ ಒಳಗೇ ಇರುವ ಗಾಡಿ. ಪಟ್ಟಣದವರು ಅದರಲ್ಲಿ ಬಂದು ಬಯಲಿನಲ್ಲಿ ಎರಡು ದಿನ ಇದ್ದು, ಹಳ್ಳಿ ನೋಡಿದೆವು ಎಂದು ಹೇಳಿಕೊಂಡು ಹೋಗುತ್ತಾರಂತೆ. ಅಂಥ ಗಾಡಿಗಳು ಬೀಡುಬಿಡಲು ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಒಂದೊಂದು ಜಾಗ ಗುರುತು ಮಾಡಿದ್ದ.

“ಮೂರರಾಗ ಒಂದು ನೀವು ಆರಿಸ್ರಿ ಸಿದ್ದಲಿಂಗ ಸಾಹೇಬ್ರ. ನಿಮ್ಮ ಸಹಿ ಇದ್ರ ಮಂದಿ ನಂಬ್ತಾರ,” ಎಂದ.

ಹೊಗಳಿಕೆಗೆ ಉಬ್ಬಿದೆ ಎಂದು ಒಪ್ಪಿಕೊಳ್ಳುತ್ತೇನೆ. ಆದರೂ ಮೊದಲು ಕೇಳಿದ್ದು ಪಾಯಖಾನೆಯ ಹೊಲಸು ಎಲ್ಲಿಗೆ ಹೋಗುತ್ತದೆ ಎಂದು.

“ಕೆಳಗ ಟ್ಯಾಂಕ್ ಅದರಿ. ನೀಲಿ ಔಷಧ ಹಾಕ್ತೇವಿ, ಮಲ್ಲಿಗಿ ವಾಸನಿ ಬರ್ತದ. ತುಂಬಿದ್ರ ಕೆಂಪು ದೀಪ ಹತ್ತತದ.”

ಹೇಲಿಗೆ ಮಲ್ಲಿಗೆಯ ವಾಸನೆ! ನನ್ನ ನೌಕರಿಯ ಕಾಲದ ಹಳೆಯ ತಪಾಸಣಾ ಫಾರಂಗಳನ್ನು ಚೀಲಕ್ಕೆ ಹಾಕಿಕೊಂಡು ಅವನ ಕ್ಯಾರವಾನ್ ಹತ್ತಿದೆ. ಆ ಫಾರಮ್ಮಿನಲ್ಲಿ ‘ಹೊಲಸಿಗೆ ಕಾರಣರಾದವರು’ ಎಂಬ ಕಾಲಂ ಒಂದಿದೆ. ಅದನ್ನು ತುಂಬುವುದೆಂದರೆ ನನಗೆ ಬಹಳ ಇಷ್ಟ.

ಮೊದಲ ದಿನ ಆಳಂದ ತಾಲ್ಲೂಕಿನ ಭೂಸನೂರ. ಕಬ್ಬಿನ ಹೊಲದ ಪಕ್ಕದಲ್ಲಿ ದೌಲತರಾಯ ಎಂಬವರ ಜಾಗ. ಮಾಘ ಮಾಸದಲ್ಲೇ ನೆತ್ತಿ ಕಾಯುವ ಬಿಸಿಲು, ನೆರಳಿಗೆ ಒಂದು ಜಾಲಿ. ದೌಲತರಾಯರು ಹೆಮ್ಮೆಯಿಂದ ಹೊಸ ಪಾಯಖಾನೆ ತೋರಿಸಿದರು. ಬಿಳಿ ಟೈಲ್ಸಿನ ಮೇಲೆ ಸೊಂಟದ ಎತ್ತರದವರೆಗೆ ಗುಟ್ಕಾ ಉಗುಳು. ಹಿಂದಿನ ತಗ್ಗಿನಲ್ಲಿ ಕೋಳಿಯ ಪುಕ್ಕ, ಕರುಳು, ಅದರ ಮೇಲೆ ನಾಯಿ, ನಾಯಿಯ ಮೇಲೆ ನೊಣ. ನೀರು ತಂದರು. ಲೋಟದ ಅಂಚಿಗೆ ಯಾರದೋ ಮೊಸರಿನ ತುಟಿಯ ಗುರುತು ಒಣಗಿತ್ತು.

“ಕುಡೀರಿ ಸಾಹೇಬ್ರ, ಫಿಲ್ಟರ್ ನೀರದ.”

“ಲೋಟಾ ಫಿಲ್ಟರ್ ಮಾಡಿಲ್ಲ ನೀವು,” ಎಂದು ಕಾಲಂನಲ್ಲಿ ಅವರ ಹೆಸರು ಬರೆದು ಎದ್ದೆ. ಅವರ ಪಾಯಖಾನೆಗೆ ಕಾಲಿಡಲಾಗದೆ ಕ್ಯಾರವಾನಿನದನ್ನೇ ಬಳಸಿದೆ. ದಾರಿಯ ಹೋಟೆಲಿನಲ್ಲಿ ತಿಂದ ಮಿರ್ಚಿಭಜಿಯ ಕೃಪೆಯಿಂದ ಆ ದಿನ ಆರು ಸಲ ಬಳಸಿದೆ.

ಎರಡನೆಯ ದಿನ ಅಫಜಲಪುರದ ಕಡೆ, ಭೀಮಾ ನದಿಯ ದಂಡೆ. ದೂರದಿಂದ ನೋಡಿದರೆ ಕಣ್ಣು ತಂಪಾಗುತ್ತದೆ. ಹತ್ತಿರ ಹೋದೆ, ಮೂಗು ಮುಚ್ಚಿಕೊಂಡೆ. ಪುಣ್ಯಸ್ನಾನ ಮಾಡಿದವರು ಉಟ್ಟ ಬಟ್ಟೆಯನ್ನು ಅಲ್ಲೇ ಬಿಟ್ಟು ಹೋಗುವುದು ಇಲ್ಲಿಯ ರೂಢಿ. ಒದ್ದೆ ಚಡ್ಡಿ, ಬನಿಯನ್, ಸೀರೆಗಳು ಕೆಸರಿನಲ್ಲಿ ಕೊಳೆತು ಜಾರುತ್ತಿದ್ದವು. ಮಧ್ಯೆ ಒಡೆದ ದೇವರ ಫೋಟೊ, ಅದರ ಪಕ್ಕ ಬಿಯರ್ ಬಾಟಲಿ. ಪಾಪವನ್ನು ತೊಳೆದುಕೊಳ್ಳಲಿ, ಆದರೆ ಚಡ್ಡಿಯನ್ನಾದರೂ ಮನೆಗೆ ಒಯ್ಯಬಾರದೇ ಈ ಜನ? ಕಾಲಂನಲ್ಲಿ ‘ಭಕ್ತಾದಿಗಳು’ ಎಂದು ಬರೆದೆ.

ಅಷ್ಟರಲ್ಲಿ ಗಾಡಿಯೊಳಗೆ ಕೆಂಪು ದೀಪ ಮಿನುಗತೊಡಗಿತ್ತು. ಧರ್ಮರಾಜ ನದಿಯ ಕಡೆ ನೋಡಿದ.

“ಇಲ್ಲೇ ಬಿಟ್ಟಬಿಡ್ಲೇನ್ರಿ? ಹ್ಯಾಂಗೂ ಹೊಲಸೇ ಅದ.”

“ಬಿಟ್ರ ಪೊಲೀಸರಿಗಿ ಫೋನ್ ಮಾಡ್ತೇನಿ. ಕಲಬುರಗಿಗಿ ಒಯ್ದು ಗಟಾರದ ಪ್ಲಾಂಟಿನ್ಯಾಗ ಖಾಲಿ ಮಾಡು.”

“ಮೂರನೇದು ನೋಡಿ ಹೋಗೂಣ್ರಿ. ಇನ್ನೊಂದು ದಿನ ತಡೀತದ.”

ಹೂಂ ಎಂದೆ. ನನಗೂ ಈ ಸುತ್ತಾಟ ಮುಗಿಸುವ ಅವಸರವಿತ್ತು. ಇದನ್ನು ಬರೆಯುವಾಗ ಈ ‘ಹೂಂ’ ಹತ್ತಿರ ಪೆನ್ನು ನಿಲ್ಲುತ್ತದೆ.

ಸಂಜೆ ಜೇವರ್ಗಿ ದಾಟಿ ಕೊಳಕೂರ ಮುಟ್ಟಿದೆವು. ಜಾಗ ನಿಂಬೆವ್ವ ಎಂಬ ಹೆಂಗಸಿನದು. ಅವಳ ಗಂಡ ಬೀರಲಿಂಗಪ್ಪ ಕುರಿ ಕಾಯುತ್ತಾನೆ. ನಾಲ್ಕು ದೊಡ್ಡ ಬೇವಿನ ಮರ, ಅವುಗಳ ಕೆಳಗೆ ಇಳಿಜಾರು ನೆಲ, ಇಳಿಜಾರಿನ ತುದಿಗೆ ಕಲ್ಲಿನ ಪಾವಟಿಗೆ ಇಳಿದು ನೀರು ತುಂಬುವ ಹಳೆಯ ಬಾವಿ. ಸುತ್ತಲಿನ ಬೋರುಗಳ ನೀರೆಲ್ಲ ಸವುಳು. ಸಿಹಿನೀರೆಂದರೆ ಇದೊಂದೇ. ಹನ್ನೆರಡು ಮನೆಗಳು, ಇನ್ನೂರು ಕುರಿಗಳು ಈ ಬಾವಿಯನ್ನೇ ನಂಬಿದ್ದವು.

ಆದರೆ ನೆಲದ ತುಂಬ ಕುರಿಹಿಕ್ಕೆ. ಕಾಲಿಡಲು ಜಾಗವಿಲ್ಲ. ಧರ್ಮರಾಜನ ಬಿಳಿ ಬೂಟು ಗಾಳಿಯಲ್ಲೇ ನಿಂತಿತು.

“ಇದೇನು ಮಾಡಿಟ್ಟೀರಿ?” ಎಂದ.

“ದೊಡ್ಡ ಮಂದಿ ನೆಲಾ ನೋಡಾಕ ಬರ್ತಾರಂತ ಎರಡು ದಿನ ಕುರಿ ತರುಬಿಸೇವ್ರಿ,” ಎಂದಳು ನಿಂಬೆವ್ವ, ಮುಖದಲ್ಲಿ ಸಂತೋಷ. “ಮಂದಿ ಕಾಳು ಕೊಟ್ಟು ಗೊಬ್ಬರಕ್ಕಂತ ತಮ್ಮ ಹೊಲದಾಗ ರಾತ್ರಿ ಕುರಿ ತರುಬಿಸ್ಕೋತಾರ. ನಾವು ನಿಮಗಂತ ಇಲ್ಲೇ ತರುಬೇವಿ. ಈಗ ನೆಲಾ ಭಾಳ ಚೊಲೊ ಆಗ್ಯದ. ಚಪ್ಪಲಿ ತಗೀರಿ, ಕುರಿ ಕುಂತ ನೆಲಾ ಅದ.”

ಎರಡು ದಿನಗಳಲ್ಲಿ ನಾನು ನಕ್ಕಿದ್ದು ಅದೇ ಮೊದಲು. ಪಟ್ಟಣದವರಿಗೆ ಗಾಡಿ ನಿಲ್ಲಿಸಲು ನೆಲ ತೋರಿಸಿ ಎಂದರೆ, ಈ ತಾಯಿ ಜೋಳ ಬಿತ್ತುವವರಿಗೆ ತೋರಿಸುವಂತೆ ಸಿಂಗರಿಸಿದ್ದಳು. ಹಿಕ್ಕೆಗೆ ನನಗೆ ಹೇಸಿಗೆಯಿಲ್ಲ. ಅದು ತಿಂದ ಹುಲ್ಲೇ, ಒಣಗಿದರೆ ಕೈಯಲ್ಲಿ ಹಿಡಿಯಬಹುದು. ಚಪ್ಪಲಿ ಬಿಟ್ಟು ನಡೆದೆ. ಧರ್ಮರಾಜ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬೂಟಿನಲ್ಲೇ ಬಂದ.

ನಿಂಬೆವ್ವ ಬೆಳಗಿದ ಹಿತ್ತಾಳೆ ಲೋಟದಲ್ಲಿ ನೀರು ಕೊಟ್ಟಳು. ಅಂಥ ನೀರು ನಾನು ಬಹಳ ವರ್ಷದಿಂದ ಕುಡಿದಿರಲಿಲ್ಲ. ಇನ್ನೊಂದು ಲೋಟ ಕೇಳಿ ಕುಡಿದೆ. ಗಾಡಿಗಳು ಹೊಲಸು ಚೆಲ್ಲದೆ ಹೊರಗೆ ಒಯ್ಯತಕ್ಕದ್ದು ಎಂದು ಷರತ್ತು ಬರೆದು, ‘ಯೋಗ್ಯ’ ಎಂದು ಸಹಿ ಹಾಕಿದೆ. ಕಾರಣರಾದವರ ಕಾಲಂನಲ್ಲಿ ಗೆರೆ ಎಳೆದೆ. ಧರ್ಮರಾಜ ಕೂಡಲೇ ಫಾರಮ್ಮಿನ ಫೋಟೊ ತೆಗೆದು ಯಾರಿಗೋ ಕಳಿಸಿದ. ಬೇವಿನ ಗಾಳಿಗೆ ನನಗೆ ಒಳ್ಳೆಯ ನಿದ್ದೆ ಬಂತು.

ಬೆಳಿಗ್ಗೆ ಎದ್ದಾಗ ಬಿಸಿಲು ಬಂದಿತ್ತು. ನಿಂಬೆವ್ವ ಅದೇ ಲೋಟದಲ್ಲಿ ನೀರು ತಂದಳು.

“ಸಾಹೇಬ್ರ, ಬಾವ್ಯಾಗ ಅತ್ತರ ಹಾಕೀರೇನ್ರಿ? ನೀರು ಘಮಘಮ ಅನ್ನಾಕತ್ತದ. ಮಂದಿಯೆಲ್ಲ ಕೊಡ ತುಂಬ್ಕೊಂಡು ಹ್ವಾದ್ರು.”

ಅವಳು ಹೇಳಿ ಮುಗಿಸುವಷ್ಟರಲ್ಲಿ ಒಂದು ಗುಟುಕು ನನ್ನ ಗಂಟಲಿನಿಂದ ಇಳಿದಿತ್ತು. ಮಲ್ಲಿಗೆಯ ವಾಸನೆ.

ಗಾಡಿಯ ಕಡೆ ನೋಡಿದೆ. ಕೆಂಪು ದೀಪ ಆರಿತ್ತು. ಗಾಡಿಯ ಕೆಳಗಿನಿಂದ ಹಿಕ್ಕೆಯ ನಡುವೆ ನೀಲಿ ಗೆರೆಯೊಂದು ಇಳಿಜಾರಿನಲ್ಲಿ ಹರಿದು, ಪಾವಟಿಗೆಯ ಮೇಲೆ ಕಾಗದದ ಚೂರುಗಳನ್ನು ಬಿಟ್ಟು, ಬಾವಿಗೆ ಇಳಿದಿತ್ತು. ನಾನು ಬಗ್ಗಿ ಕಾರಿಕೊಂಡೆ.

ಧರ್ಮರಾಜ ಹಲ್ಲುಜ್ಜುತ್ತಾ ಬಂದ. ಕೊರಳಪಟ್ಟಿ ಹಿಡಿದೆ.

“ನಸುಕಿನ್ಯಾಗ ಬಿಟ್ಟೇನ್ರಿ,” ಎಂದ, ನಿಜವಾಗಿ ಅಚ್ಚರಿಪಟ್ಟು. “ನೀವು ನಿನ್ನಿ ನಕ್ಕಿರಲ್ರಿ, ಹಿಕ್ಕಿ ನೋಡಿ. ಇದೂ ಗೊಬ್ಬರನೇ ಅಲ್ರಿ? ಅಷ್ಟರಾಗ ಇದೊಂದೀಟು. ಬಾವಿತನಾ ಹರೀತದಂತ ನನಗೇನು ಗೊತ್ತು?”

ನಿಂಬೆವ್ವನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅವಳು ಓಣಿಯ ಕಡೆ ಓಡಿ, ಕೊಡಗಳನ್ನೆಲ್ಲ ಚೆಲ್ಲಿ ಎಂದು ಕೂಗಿದಳು. ಯಾರೋ ಚಹಾ ಕುಡಿದಿದ್ದರು. ಯಾರೋ ಕೂಸಿಗೆ ಹಾಲಿಗೆ ಬೆರೆಸಿದ್ದರು. ಬೀರಲಿಂಗಪ್ಪ ಕುರಿಗಳನ್ನು ಬಾವಿಯಿಂದ ಆಚೆ ಹೊಡೆದ. ಅವಕ್ಕೆ ಇನ್ನು ಸವುಳು ನೀರೇ ಗತಿ. ಬಾವಿ ಬಸಿದು ಮತ್ತೆ ಸಿಹಿನೀರು ಬರಲು ಎಷ್ಟು ದಿನವೋ, ಬರುತ್ತದೋ ಇಲ್ಲವೋ, ನನಗೇ ಗೊತ್ತಿರಲಿಲ್ಲ.

ಏದುಸಿರು ಬಿಡುತ್ತಾ ನಿಂಬೆವ್ವ ನನ್ನ ಎದುರು ಬಂದು ನಿಂತಳು.

“ಯಾರದ್ರಿ ಅದು?”

ಧರ್ಮರಾಜನತ್ತ ಕೈ ತೋರಿಸಬಹುದಿತ್ತು. ಆದರೆ ಎರಡು ಹೊಲಸು ಜಾಗಗಳಿಗೆ ಮೂಗು ಮುರಿದು, ಬೈದು, ನದಿಗೆ ಚೆಲ್ಲಗೊಡದೆ, ಆ ಟ್ಯಾಂಕನ್ನು ಈ ಒಂದು ಶುದ್ಧ ಜಾಗದವರೆಗೆ ಕಾಯ್ದು ತಂದವನು ನಾನು. ಅದರ ಮುಕ್ಕಾಲು ಪಾಲೂ ನನ್ನದೇ.

“ನಂದು,” ಎಂದೆ.

ಅವಳು ನನ್ನ ಕೈಯಿಂದ ಲೋಟ ಇಸಿದುಕೊಂಡು, ಮನೆಯೊಳಗೆ ಒಯ್ಯದೆ, ನಾಯಿಯ ಅನ್ನದ ತಟ್ಟೆಯ ಪಕ್ಕ ಬೋರಲು ಹಾಕಿದಳು.

ನಾನು ಸಹಿ ಮಾಡಿದ ಫಾರಂ ಹರಿದು ಹೊಸದು ತೆಗೆದೆ. ‘ಅಯೋಗ್ಯ’ ಎಂದು ಬರೆದು, ಕಾರಣರಾದವರ ಕಾಲಂನಲ್ಲಿ ನನ್ನ ಹೆಸರನ್ನು ತಂದೆಯ ಹೆಸರು, ವಿಳಾಸ ಸಮೇತ ತುಂಬಿದೆ. ಅದರ ಫೋಟೊ ತೆಗೆದು ಕಳಿಸು ಎಂದು ಧರ್ಮರಾಜನ ಕೈಗೆ ಕೊಟ್ಟು, ಬಕೆಟ್ ಹಿಡಿದು ಬಾವಿಯ ಪಾವಟಿಗೆ ಇಳಿದೆ. ಮಧ್ಯಾಹ್ನದ ಹೊತ್ತಿಗೆ ಗಂಟಲು ಒಣಗಿತು. ನೀರು ಕೇಳುವ ಮುಖ ನನಗಿರಲಿಲ್ಲ.