ಮನೆ ಹಿಂದಿನ ಗುಡ್ಡದ ತಗ್ಗು

ಮಗಳು ಕೈಗೂಸಿನೊಂದಿಗೆ ಬಂದು ಜೊತೆಗಿರುತ್ತೇನೆ ಎಂದಾಗ ಬಡಗಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆದರೆ ಇದ್ದ ಎರಡು ಕೋಣೆಯಲ್ಲಿ ಹಲಗೆ, ಉಳಿ, ಮರದ ಹೊಟ್ಟಿನದೇ ಸಂಸಾರ. ತೊಟ್ಟಿಲಿಗೆ ಜಾಗವೆಲ್ಲಿ? ಮನೆ ಹಿಂದೆ ಗುಡ್ಡದ ಬುಡ ಕಡಿದು ಕೋಣೆ ಕಟ್ಟಲು ಗುದ್ದಲಿ ಹಿಡಿದ.

ಅವನ ಹೆಂಡತಿಯ ತಂಗಿ ಮಣ್ಣು ಪರೀಕ್ಷೆಯ ಕೆಲಸದವಳು. ಬಂದವಳೇ ಗಾಬರಿಯಾದಳು.

“ಭಾವ, ಇಲ್ಲಿ ಬೇಡ. ಮೇಲೆ ಎರಡು ದಿಣ್ಣೆ ನಡುವೆ ಬೋಗುಣಿ ಹಾಗೆ ತಗ್ಗಿದೆ ನೋಡಿ. ಕಣಿವೆ ಶುರುವಾಗೋದೇ ಅಲ್ಲಿ. ನೀರೂ ಮಣ್ಣೂ ಅಲ್ಲಿಗೇ ಬಂದು ಸೇರುತ್ತೆ.”

“ನಮ್ಮಜ್ಜನ ಕಾಲದಿಂದ ಒಂದು ಕಲ್ಲೂ ಅಲ್ಲಾಡಿಲ್ಲ ಕಣಮ್ಮ!”

“ನಿಮ್ಮಜ್ಜನ ಕಾಲ ಗುಡ್ಡಕ್ಕೆ ನಿನ್ನೆ ಮೊನ್ನೆ. ಹಿಮಯುಗದ ಚಳೀಲಿ ಬಿರುಕಿನ ನೀರು ಹೆಪ್ಪುಗಟ್ಟಿ ಬಂಡೇನೇ ಸೀಳ್ತಿತ್ತು. ಅದು ಮುಗಿದು ಹತ್ತು ಹನ್ನೆರಡು ಸಾವಿರ ವರ್ಷ ಆಯ್ತು. ಅವತ್ತಿಂದ ಆ ಪುಡಿ, ಮಣ್ಣು ಚೂರುಚೂರೇ ಜಾರಿ ಈ ತಗ್ಗಿಗೆ ತುಂಬ್ತಾನೇ ಇದೆ. ತುಂಬೋಕೆ ಸಾವಿರಾರು ವರ್ಷ ಬೇಕು. ಜೋರು ಮಳೇಲಿ ಖಾಲಿಯಾಗೋಕೆ ಒಂದೆರಡು ನಿಮಿಷ ಸಾಕು.”

“ಕಥೆ ಚೆನ್ನಾಗಿದೆ,” ಎಂದು ಬಡಗಿ ನಕ್ಕ.

“ನನ್ನ ಮಾತು ನಂಬಬೇಡಿ. ಅಗೆದು ನೋಡಿ.”

ದಿಣ್ಣೆಯ ಮೇಲೆ ಅಗೆದ. ಮೊಣಕಾಲುದ್ದ ಇಳಿಯುವಷ್ಟರಲ್ಲಿ ಗುದ್ದಲಿ ಬಂಡೆಗೆ ತಾಗಿ ಠಣ್ ಎಂದಿತು. ತಗ್ಗಿನಲ್ಲಿ ಅವಳು ತಂದ, ಮಣ್ಣು ಕೊರೆದು ಮೇಲೆತ್ತುವ ಉದ್ದನೆಯ ಕಬ್ಬಿಣದ ಸಲಾಕೆಯನ್ನು ಇಬ್ಬರೂ ತಿರುಪಿ ಇಳಿಸಿದರು. ಎದೆಯುದ್ದ ಹೋಯಿತು, ಆಳುದ್ದ ಹೋಯಿತು, ಎರಡಾಳುದ್ದವೂ ಹೋಯಿತು. ಬಂಡೆಯ ಸುಳಿವೇ ಇಲ್ಲ. ಬರೀ ಒದ್ದೆ ಮಣ್ಣು. ಅದನ್ನು ಅಂಗೈಯಲ್ಲಿ ಹಿಸುಕುತ್ತಾ ಬಡಗಿ ತಲೆಯೆತ್ತಿ ಗುಡ್ಡ ನೋಡಿದ.

“ಇಷ್ಟು ಭಾರದ ಕೆಳಗೆ ಕೂಸನ್ನ ಮಲಗಿಸ್ತಿದ್ದೆನಲ್ಲ ತಾಯಿ…”

“ಬಿಡಿ ಭಾವ. ಈಗ ಗೊತ್ತಾಯ್ತಲ್ಲ.”

ಕೋಣೆ ದಿಣ್ಣೆಯ ಮೇಲೆದ್ದಿತು. ಆ ಮಳೆಗಾಲದಲ್ಲಿ ಮೂರು ದಿನ ಬಿಡದೆ ಸುರಿಯಿತು. ಗುಡ್ಡದ ಬುಡದ ಒರತೆಯ ನೀರು, ನಾದಿನಿ ಎಚ್ಚರಿಸಿದ್ದಂತೆಯೇ, ದಿಢೀರನೆ ಕೆಸರಾದದ್ದು ಕಂಡದ್ದೇ ತಡ, ಬಡಗಿ ಎಲ್ಲರನ್ನೂ ಹಳೇ ಮನೆಯಿಂದ ದಿಣ್ಣೆಯ ಕೋಣೆಗೆ ಕರೆದೊಯ್ದ. ಮಧ್ಯಾಹ್ನ ತಗ್ಗಿನ ಮಣ್ಣೆಲ್ಲ ಒಮ್ಮೆಲೇ ಕುಸಿದು ಕೆಳಗೆ ನುಗ್ಗಿತು. ಹಳೇ ಮನೆ, ಹಲಗೆ, ಉಳಿ ಎಲ್ಲವೂ ಮಣ್ಣುಪಾಲು. ಆ ಸದ್ದಿಗೆ ಬೆಚ್ಚಿದ ಮಗುವನ್ನು ಅವನು ಎದೆಗೊತ್ತಿಕೊಂಡು, “ತಾತ ಇಲ್ಲೇ ಇದೀನಿ ಚಿನ್ನ, ಹೆದರಬೇಡ,” ಎಂದ.

ನಿಮ್ಮ ಮನೆಯ ಹಿಂದೆಯೂ ಗುಡ್ಡವಿದೆಯೇ? ಇವತ್ತೇ ಒಮ್ಮೆ ತಲೆಯೆತ್ತಿ ನೋಡಿ. ಅಂಥ ತಗ್ಗಿನ ಕೆಳಗೆ ಮನೆ ಕಟ್ಟಬೇಡಿ, ಗುಡ್ಡದ ಬುಡ ಕಡಿಯಬೇಡಿ. ನೆಲ ಬಿರುಕು ಬಿಟ್ಟರೆ, ಮರ ವಾಲಿದರೆ, ಒರತೆ ದಿಢೀರನೆ ಕೆಸರಾದರೆ ಸಾಮಾನಿನ ಆಸೆ ಬಿಟ್ಟು ಹೊರಡಿ. ಮಕ್ಕಳನ್ನು ಎತ್ತಿಕೊಳ್ಳಿ. ಪಕ್ಕದ ಮನೆಯ ಬಾಗಿಲನ್ನೂ ತಟ್ಟಿ.