ಮೊದಲ ಎಲೆ

"ಅಜ್ಜೀ, ಉಸಿರು ಬಿಡು! ಹಿಡ್ಕೊಂಡೇ ನಿಂತ್ರೆ ಹೆಂಗೆ ಕೂರ್ತೀಯ?"

ಕಮಲಾಕ್ಷಮ್ಮ ಉಸಿರು ಬಿಟ್ಟರು. ಅದರ ಜೊತೆಗೇ ಒಂದು "ಶಿವನೇ" ಕೂಡ ಹೊರಬಂತು. ಅವರಿಗೂ ಸಮುದಾಯ ಭವನದ ನೆಲಕ್ಕೂ ಇನ್ನೂ ಗೇಣು ದೂರ ಉಳಿದಿತ್ತು. ಎದುರಿಗೆ ಏಳು ವರ್ಷದ ಮೊಮ್ಮಗಳು ನಂದಿತಾ ಸೊಂಟದ ಮೇಲೆ ಕೈಯಿಟ್ಟುಕೊಂಡು, ಸ್ಕೂಲಿನ ಹೆಡ್ ಮೇಡಂ ಹಾಗೆ ಹುಬ್ಬು ಗಂಟಿಕ್ಕಿ ನಿಂತಿದ್ದಳು. ಮಂಡಿ ಒಮ್ಮೆ ಲಟಕ್ಕೆಂದಿತು. ಆಮೇಲೆ ಜಮಖಾನೆ ತಾಕಿತು. ಕಮಲಾಕ್ಷಮ್ಮ ಚಕ್ಕಳಮಕ್ಕಳ ಹಾಕಿಕೊಂಡು ನೆಲದ ಮೇಲೆ ಕೂತಿದ್ದರು!

ಮೂರು ವರ್ಷದ ಮೇಲೆ ಕೂತದ್ದು. ಭವನದಲ್ಲಿದ್ದ ಹಿರಿಯರು ಕಿರಿಯರೆಲ್ಲ ಚಪ್ಪಾಳೆ ಹೊಡೆದರು. ಕಮಲಾಕ್ಷಮ್ಮನಿಗೆ ನಾಚಿಕೆಯೂ ಆಯಿತು, ಕಣ್ಣೂ ತುಂಬಿತು. ನೆಲವನ್ನು ಒಮ್ಮೆ ಅಂಗೈಯಿಂದ ಸವರಿ ನೋಡಿದರು.

ಅರಸೀಕೆರೆಯ ಆ ಬಡಾವಣೆಯಲ್ಲಿ ಯೋಗದ ಕ್ಲಾಸು ಶುರು ಮಾಡಿದವಳು ಅರುಣಾ. ಸ್ಕೂಲಿನಲ್ಲಿ ಮಕ್ಕಳಿಗೆ ಆಟ ಆಡಿಸುವ ಟೀಚರು. ವಾರದ ದಿನ ದೊಡ್ಡವರಿಗೆ ಬೇರೆ, ಮಕ್ಕಳಿಗೆ ಬೇರೆ. ಭಾನುವಾರ ಮಾತ್ರ ಎಲ್ಲರನ್ನೂ ಕಲಸಿ ಜೋಡಿ ಮಾಡುತ್ತಿದ್ದಳು. ಒಬ್ಬ ದೊಡ್ಡವರಿಗೆ ಒಂದು ಮಗು. ಮಗು ಕಲಿಸಬೇಕು, ದೊಡ್ಡವರು ಕಲಿಯಬೇಕು. ಹೀಗಾಗಿ ಭಾನುವಾರ ಬೆಳಿಗ್ಗೆ ಆ ಭವನದ ಮುಂದೆ ಹಾದುಹೋಗುವವರಿಗೆ ಯೋಗಕ್ಕಿಂತ ನಗುವೇ ಜಾಸ್ತಿ ಕೇಳಿಸುತ್ತಿತ್ತು.

ಬಂದವರಿಗೆಲ್ಲ ಅರುಣಾ ಮೊದಲ ದಿನವೇ ಒಂದು ಪ್ರಶ್ನೆ ಹಾಕುತ್ತಿದ್ದಳು: "ನಿಮ್ಗೇನು ಬೇಕು?" ಒಬ್ಬರಿಗೆ ಮಾಲೇಕಲ್ಲು ಬೆಟ್ಟ ಹತ್ತಿ ತಿಮ್ಮಪ್ಪನ ಮುಂದೆ ನಿಲ್ಲಬೇಕಿತ್ತು. ಇನ್ನೊಬ್ಬರಿಗೆ ರಾತ್ರಿ ನಿದ್ದೆ ಬಂದರೆ ಸಾಕಿತ್ತು. ಕಮಲಾಕ್ಷಮ್ಮ ಸೆರಗಿನ ತುದಿ ತಿರುವುತ್ತಾ ಹೇಳಿದ್ದರು: "ನಂಗೆ ಕಾರ್ತೀಕದೊಳಗೆ ನೆಲದ ಮೇಲೆ ಕೂತು ಉಣ್ಣಂಗಾಗ್ಬೇಕು ಕಣಮ್ಮ. ಅಷ್ಟೇಯ."

ಅದು ಅಷ್ಟೇ ಅಲ್ಲ ಅಂತ ಅವರಿಗೆ ಮಾತ್ರ ಗೊತ್ತಿತ್ತು. ಪ್ರತಿ ಕಾರ್ತೀಕದಲ್ಲಿ ಜಾವಗಲ್ ದಾಟಿ ಹಳೇಬೀಡಿನ ಕಡೆ ಹೋಗುವ ರಸ್ತೆಯ ಮಠವೊಂದರಲ್ಲಿ ಅವರ ಮನೆತನದ ದಾಸೋಹ. ಅಣ್ಣತಮ್ಮಂದಿರ ಸಂಸಾರಗಳೆಲ್ಲ ಅವತ್ತು ಅಲ್ಲಿ ಸೇರುತ್ತವೆ. ಹೆಂಗಸರ ಪಂಕ್ತಿಯಲ್ಲಿ ಮೊದಲ ಎಲೆ ಮನೆಯ ಹಿರಿಯಳದು. ಅವಳು ತುತ್ತೆತ್ತಿದ ಮೇಲೆ ಉಳಿದವರ ಊಟ, ಅವಳು ಎದ್ದ ಮೇಲೆ ಉಳಿದವರು ಏಳುವುದು. ತೊಂಬತ್ತು ದಾಟಿದ್ದ ಅತ್ತೆ ಹೋದ ವರ್ಷದವರೆಗೂ ಆ ಎಲೆಯ ಮುಂದೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಈಗ ಅತ್ತೆಯಿಲ್ಲ. ಹಿರೀಸೊಸೆ ಕಮಲಾಕ್ಷಮ್ಮ.

ಹಿರೀಸೊಸೆ ಮೂರು ವರ್ಷದಿಂದ ಊಟ ಮಾಡುತ್ತಿದ್ದದ್ದು ಮೂಲೆಯ ಟೇಬಲ್ಲಿನ ಮೇಲೆ. ಸೊಂಟಕ್ಕೆ ಬೆಲ್ಟ್ ಕಟ್ಟಿದವರು, ಆಪರೇಷನ್ ಆದವರು, ಕೋಲು ಹಿಡಿದವರು ಕೂರುವ ಜಾಗ. ಅಲ್ಲಿಗೂ ಅದೇ ಅನ್ನ, ಅದೇ ಹೋಳಿಗೆ ಬರುತ್ತಿತ್ತು. ಬರದೆ ಇದ್ದದ್ದು ಪಂಕ್ತಿಯ ಮಾತು. ವಾರಗಿತ್ತಿ ಸಿದ್ಧಗಂಗಮ್ಮ ಏನೋ ಅನ್ನುತ್ತಿದ್ದಳು, ಸಾಲಿಗೆ ಸಾಲೇ ಬಿದ್ದು ಬಿದ್ದು ನಗುತ್ತಿತ್ತು. ಕಮಲಾಕ್ಷಮ್ಮ ಟೇಬಲ್ಲಿನಿಂದ ಕತ್ತು ಉದ್ದ ಮಾಡಿ "ಏನಂತೆ? ಏನಂತೆ?" ಅನ್ನುವಷ್ಟರಲ್ಲಿ ನಗು ಮುಗಿದಿರುತ್ತಿತ್ತು. ಮನೆಯಲ್ಲಿ ಲಿಂಗಪೂಜೆಯನ್ನೂ ಕುರ್ಚಿಯ ಮೇಲೆ ಕೂತೇ ಮಾಡುತ್ತಿದ್ದರು. ಶಿವ ಬೇಜಾರು ಮಾಡಿಕೊಳ್ಳಲಿಲ್ಲ. ಆದರೆ ಪಂಕ್ತಿಯ ಆ ನಗು ತಪ್ಪಿಹೋಗುವುದನ್ನು ಮಾತ್ರ ಅವರಿಂದ ಸಹಿಸಲಾಗುತ್ತಿರಲಿಲ್ಲ.

ಯಜಮಾನರು ಇಂದುಧರಪ್ಪ ತೆಂಗಿನಕಾಯಿ ವ್ಯಾಪಾರಸ್ಥರು, ಮಾತಿನಲ್ಲೂ ಚೌಕಾಸಿ. ಅಜ್ಜಿ ಮೊಮ್ಮಗಳನ್ನು ಭಾನುವಾರ ಸ್ಕೂಟರಿನಲ್ಲಿ ಭವನದ ಮುಂದೆ ಇಳಿಸಿ ತಾವು ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಕೂರುತ್ತಿದ್ದರು. ಕಪ್ಪೆ, ಹಾವು, ಚಿಟ್ಟೆ ಅಂತ ಆಸನಗಳ ಹೆಸರು ಕೇಳಿದ ಮೇಲಂತೂ ಅವರ ಬಾಯಿಗೆ ಬೀಗವೇ ಇರಲಿಲ್ಲ.

"ಏನೇ, ಇವತ್ತು ಯಾವ ಪ್ರಾಣಿಯಾಗಿ ಬಂದೆ?"

"ನೀವೂ ಬನ್ನಿ ಒಳಕ್ಕೆ. ನಿಮ್ಮ ಮಂಡಿ ಏನು ಕಬ್ಬಿಣದ್ದಾ?"

"ನನ್ನ ಮಂಡಿಗೇನಾಗೈತೆ? ಮಠದಾಗೆ ನೀನೊಬ್ಳೇ ಆಯ್ತೀಯಾ ಅಂತ ಟೇಬಲ್ಲಿಗೆ ಬತ್ತೀನಿ. ಇಲ್ದಿದ್ರೆ ನಂಗೇನು ಗ್ರಾಚಾರ?"

ಅದು ಮೂರು ವರ್ಷದಿಂದ ಅವರು ಹೇಳುತ್ತಿದ್ದ ಮಾತು. ಹೆಂಡತಿಗಾಗಿ ಮಾಡಿದ ತ್ಯಾಗವೆಂದು ನೆಂಟರಿಷ್ಟರೆಲ್ಲ ಒಪ್ಪಿದ್ದರು. ಕಮಲಾಕ್ಷಮ್ಮನೂ ಒಪ್ಪಿದ್ದರು.

ಕೂರುವುದು ಬಂತು. ಏಳುವುದಕ್ಕೆ ಅರುಣಾ ಒಂದು ಕ್ರಮ ಹೇಳಿಕೊಟ್ಟಳು. "ಬಲಕ್ಕೆ ಹೊರಳಿ, ಬಲಗೈ ಊರಿ, ಭಾರ ಎಲ್ಲಾ ಕೈಮೇಲೆ ಬಿಡಿ ಅಮ್ಮಾ, ಈಗ ನಿಧಾನಕ್ಕೆ ಮೇಲೆ." ಕಮಲಾಕ್ಷಮ್ಮ ಬಲಗೈಯನ್ನು ನಂಬಿದರು. ಬಲಗೈ ಕೈಬಿಡಲಿಲ್ಲ. ಭವನದಲ್ಲಿ ಎದ್ದರು, ದೇವರ ಮನೆಯಲ್ಲಿ ಎದ್ದರು, ಅಡುಗೆಮನೆಯಲ್ಲಿ ಸೊಸೆಗೆ ತೋರಿಸಲೆಂದೇ ಕೂತು ಎದ್ದರು.

ಮಕ್ಕಳಿಗೆ ಏಳಲು ಬೇರೆಯೇ ಆಟವಿತ್ತು. ಆಗತಾನೇ ಹುಟ್ಟಿದ ಕರು ಏಳುವ ಹಾಗೆ ಮುಂಗಾಲು ಮಡಚಿ, ಹಿಂದಿನ ಭಾಗ ಮೊದಲು ಮೇಲೆತ್ತಿ, ಓಲಾಡುತ್ತಾ ನಿಲ್ಲಬೇಕು. ನಿಂತ ಮೇಲೆ "ಅಂಬಾ" ಅನ್ನಬೇಕು. ನಂದಿತಾ ಅದರಲ್ಲಿ ಎತ್ತಿದ ಕೈ.

"ನೀನೂ ಮಾಡು ಅಜ್ಜಿ. ತುಂಬಾ ಈಸಿ."

"ಹೋಗೇ ಕತ್ತೆ. ಹಿಂಭಾಗ ಮೇಲೆತ್ಕೊಂಡು ನಾಲ್ಕು ಜನದ ಮುಂದೆ? ನಂಗೆ ಮಾನ ಮರ್ಯಾದೆ ಇಲ್ವಾ?" ಅಂದಿದ್ದರು ಕಮಲಾಕ್ಷಮ್ಮ. ಅದೊಂದನ್ನು ಅವರು ಕಲಿಯಲಿಲ್ಲ. ಗೋಡೆಗೆ ಒರಗಿ ನೋಡಿ ನಗುತ್ತಿದ್ದರು, ಅಷ್ಟೆ.

ಕಾರ್ತೀಕ ಬಂತು. ವ್ಯಾನು ಜಾವಗಲ್ ದಾಟುವಾಗ ಕಮಲಾಕ್ಷಮ್ಮನ ಎದೆ ಮದುವೆಯ ದಿನ ಹೊಡೆದುಕೊಂಡ ಹಾಗೆ ಹೊಡೆದುಕೊಳ್ಳುತ್ತಿತ್ತು. ಹಸಿರು ರೇಷ್ಮೆ ಸೀರೆ ಉಟ್ಟಿದ್ದರು. ಮಠದ ಪ್ರಸಾದ ನಿಲಯದಲ್ಲಿ ಬಡಿಸುವ ಏಕಾಂತಯ್ಯನವರು ಇವರನ್ನು ಕಂಡಕೂಡಲೇ ಹೆಗಲ ಮೇಲಿನ ವಸ್ತ್ರ ತೆಗೆದು ಮೂಲೆಯ ಕುರ್ಚಿ ಒರೆಸಿದರು.

"ಬನ್ನಿ ಕಮಲಾಕ್ಷಮ್ಮೋರೇ, ನಿಮ್ಮ ಜಾಗ ರೆಡಿ ಐತೆ."

"ಬ್ಯಾಡಿ ಅಯ್ನೋರೇ. ಇವತ್ತು ಪಂಕ್ತೀಲಿ ಕೂರ್ತೀನಿ."

ಏಕಾಂತಯ್ಯನವರು ಇಂದುಧರಪ್ಪನವರ ಮುಖ ನೋಡಿದರು. ಇಂದುಧರಪ್ಪ ಹೆಂಡತಿಯ ಮುಖ ನೋಡಿದರು.

"ಹಂಗಾರೆ ನಾನು?"

"ನೀವೂ ಗಂಡಸ್ರ ಸಾಲಲ್ಲಿ ಕೂತ್ಕೊಳ್ಳಿ. ಇನ್ನೇನು, ನಾನಿಲ್ವಲ್ಲ ಟೇಬಲ್ಲಲ್ಲಿ."

ಇಂದುಧರಪ್ಪ ನೆಲ ನೋಡಿದರು, ಟೇಬಲ್ಲು ನೋಡಿದರು, ಮೇಲೆ ನೋಡಿದರು. "ಇಲ್ಲೇ ಇರ್ತೀನಿ ಬಿಡು. ಇಲ್ಲಿ ಫ್ಯಾನ್ ಐತೆ" ಅಂದರು. ಫ್ಯಾನು ತಿರುಗುತ್ತಿರಲಿಲ್ಲ.

ಮೊದಲ ಎಲೆಯ ಮುಂದೆ ಕಮಲಾಕ್ಷಮ್ಮ ನಿಂತರು. ಉಸಿರು ಬಿಟ್ಟರು. ಮಂಡಿ ಲಟಕ್ಕೆಂದಿತು. ಕೂತರು. ಸಿದ್ಧಗಂಗಮ್ಮ ಪಕ್ಕದ ಎಲೆಯಿಂದ ಬಾಗಿ ಅವರ ತೊಡೆ ಹಿಡಿದು ಅಲ್ಲಾಡಿಸಿ, "ಬಂದ್ಯಲ್ಲ ಅಕ್ಕಾ! ನಿನ್ನ ಬಿಟ್ಟು ಉಂಡ ಹೋಳಿಗೇಲಿ ಹೂರ್ಣನೇ ಇರ್ತಿರ್ಲಿಲ್ಲ ಕಣಕ್ಕಾ" ಅಂದಳು. ಸುಳ್ಳೇ. ಆದರೂ ಆ ಸುಳ್ಳು ಎಷ್ಟು ಹಿತವಾಗಿತ್ತು!

"ಹರಹರ ಮಹಾದೇವ" ಅಂದದ್ದೇ ತಡ, ಕಮಲಾಕ್ಷಮ್ಮ ಮೊದಲ ತುತ್ತೆತ್ತಿದರು. ಸಾಲಿಡೀ ಊಟಕ್ಕೆ ತೊಡಗಿತು. ಸಿದ್ಧಗಂಗಮ್ಮ ತನ್ನ ಹೊಸ ಬೀಗಿತ್ತಿ ಮೊಬೈಲು ಹಿಡಿದು ಕೋಸಂಬರಿಯ ಫೋಟೋ ತೆಗೆಯಲು ಹೋಗಿ ಮಠದ ಸ್ವಾಮಿಗಳಿಗೆ ಫೋನು ಮಾಡಿಬಿಟ್ಟ ಕತೆ ಹೇಳಿದಳು. ಕಮಲಾಕ್ಷಮ್ಮ ನಕ್ಕರು. ಎಲ್ಲರಿಗಿಂತ ಮೊದಲು ನಕ್ಕರು, ಎಲ್ಲರಿಗಿಂತ ತಡವಾಗಿ ನಿಲ್ಲಿಸಿದರು. ಅನ್ನ ನೆತ್ತಿಗೆ ಹತ್ತಿ ಕೆಮ್ಮು ಬಂತು. ಮೂರು ವರ್ಷದ ಬಾಕಿ ನಗುವನ್ನೆಲ್ಲ ಒಂದೇ ಊಟದಲ್ಲಿ ತೀರಿಸಿಕೊಂಡರು.

ಮಜ್ಜಿಗೆ ಅನ್ನ ಮುಗಿಯಿತು. ಎಲೆಗಳು ಖಾಲಿಯಾದವು. ಮಾತು ನಿಧಾನಕ್ಕೆ ನಿಂತು, ಸಾಲಿನ ಮುಖಗಳೆಲ್ಲ ಒಂದೊಂದಾಗಿ ಇತ್ತ ತಿರುಗಿದವು.

"ಅಕ್ಕಾ, ನೀನು ಎದ್ರೆ ನಾವೂ ಏಳ್ತೀವಿ" ಅಂದಳು ಸಿದ್ಧಗಂಗಮ್ಮ.

ಕಮಲಾಕ್ಷಮ್ಮ ಬಲಕ್ಕೆ ಹೊರಳಿದರು. ಬಲಗೈ ಊರಲು ಹೋದರು. ಕೈ ನೆಲದಿಂದ ಒಂದು ಬೆರಳು ಮೇಲೆ ಹಾಗೇ ನಿಂತುಬಿಟ್ಟಿತು. ಕೈ ತುಂಬ ಮಜ್ಜಿಗೆ, ಪಾಯಸ. ಎಂಜಲು ಕೈ!

ತಿಂಗಳುಗಟ್ಟಲೆ ಕೂತು ಎದ್ದು ಮಾಡಿದ್ದು ತೊಳೆದ ಕೈಯಲ್ಲಿ. ಉಂಡ ಮೇಲೆ ಏಳಬೇಕಾದವರಿಗೆ ಉಣ್ಣುವ ಕೈಯನ್ನೇ ಊರಲು ಕಲಿಸಿದ್ದಳು ಅರುಣಾ. ಅವಳೂ ದಿನಾ ಅದೇ ಕೈಯಲ್ಲಿ ಉಣ್ಣುವವಳು. ಅವಳಿಗೂ ಹೊಳೆದಿರಲಿಲ್ಲ, ಇವರಿಗೂ ಹೊಳೆದಿರಲಿಲ್ಲ. ಪ್ರಸಾದ ಉಂಡ ಎಲೆಯಲ್ಲೇ ಕೈ ತೊಳೆಯುವ ಪದ್ಧತಿ ಆ ಮಠದಲ್ಲಿಲ್ಲ. ಮಠದ ನೆಲಕ್ಕೆ ಎಂಜಲು ಮೆತ್ತುವುದಂತೂ ಉಂಟೇ? ಎಡಗೈ ಊರಿ ನೋಡಿದರು. ಒಂಚೂರು ಮೇಲೆ ಹೋಗಿ ದೊಪ್ಪನೆ ಕೂತರು.

"ಹಿಡ್ಕೊಳ್ರೇ ಯಾರಾದ್ರೂ" ಅಂದಳು ಸಿದ್ಧಗಂಗಮ್ಮ. ಹಿಡಿದುಕೊಳ್ಳಲು ಸಾಲಿನಲ್ಲಿದ್ದ ಕೈಗಳೆಲ್ಲ ಎಂಜಲೇ. ಮೇಲಾಗಿ ಹಿರಿಯಳು ಏಳದೆ ಅವರು ಏಳುವಂತಿಲ್ಲ. ಇಡೀ ಸಾಲು ಬಲಗೈಯನ್ನು ಎಲೆಯ ಮೇಲೆ ಹಿಡಿದುಕೊಂಡು ಕಾದಿತು. ಹೊರಗೆ ಎರಡನೇ ಪಂಕ್ತಿಯವರು ಬಾಗಿಲಲ್ಲಿ ಇಣುಕುತ್ತಿದ್ದರು.

ಏಕಾಂತಯ್ಯನವರು ಹತ್ತಿರ ಬಂದು ಮೆಲ್ಲಗೆ ಕೇಳಿದರು. "ಕುರ್ಚಿ ತರ್ಲಾ ತಾಯಿ? ಅದನ್ನ ಹಿಡ್ಕೊಂಡು ಎದ್ದುಬಿಡಿ."

ಕಮಲಾಕ್ಷಮ್ಮ ಮೂಲೆಯ ಕಡೆ ನೋಡಿದರು. ಆ ಕುರ್ಚಿ ಒಮ್ಮೆ ಪಂಕ್ತಿಯ ನಡುವೆ ಬಂದರೆ ಮುಗಿಯಿತು. ಬರುವ ವರ್ಷ ಯಾರೂ ಕೇಳುವುದೂ ಇಲ್ಲ, ಟೇಬಲ್ಲಿನ ಮೇಲೇ ಎಲೆ ಹಾಕಿರುತ್ತಾರೆ. "ಬ್ಯಾಡಿ ಅಯ್ನೋರೇ" ಅಂದರು.

ಎದುರಿನ ಮಕ್ಕಳ ಸಾಲಿನಿಂದ ನಂದಿತಾ ಗಂಟಲು ಕಿತ್ತುಹೋಗುವ ಹಾಗೆ ಕೂಗಿದಳು. "ಅಜ್ಜೀ! ಕರು! ಕರು ಮಾಡು!"

ಕಮಲಾಕ್ಷಮ್ಮ ಮೊಮ್ಮಗಳನ್ನು ನೋಡಿದರು. ಮೂಲೆಯಲ್ಲಿ ಗಂಡ ಊಟ ಬಿಟ್ಟು ಕತ್ತು ಚಾಚಿ ನೋಡುತ್ತಿದ್ದರು. ಮಾನ ಮರ್ಯಾದೆ ಒಂದು ಕಡೆ, ಕುರ್ಚಿ ಒಂದು ಕಡೆ. ಅದೇನು ತೋಚಿತೋ, ಮೊದಲು ಅವರಿಗೇ ನಗು ಬಂತು.

"ಸಿದ್ಧೀ, ಆ ಕಡೆ ತಿರುಕ್ಕೊಳ್ಳೇ" ಅಂದರು.

"ಬಿಲ್‌ಕುಲ್ ತಿರುಗಲ್ಲ" ಅಂದಳು ಸಿದ್ಧಗಂಗಮ್ಮ.

ಕಮಲಾಕ್ಷಮ್ಮ ಎಡಕ್ಕೆ ಹೊರಳಿ ಎಡಗೈ ಊರಿದರು. ಮಂಡಿ ಮಡಚಿದರು. ಬಲಗೈಯನ್ನು ಎಲೆಗೂ ಸೀರೆಗೂ ತಾಗದ ಹಾಗೆ ಮೇಲೆ ಎತ್ತಿ ಹಿಡಿದರು. ಉಸಿರು ಬಿಟ್ಟರು. ಹಸಿರು ರೇಷ್ಮೆಯ ಹಿಂಭಾಗ ಮೊದಲು ಮೇಲೆದ್ದಿತು. ಒಂದು ಕಾಲು ನೆಲ ಕಚ್ಚಿತು. ಓಲಾಡಿದರು. ಸಾಲಿನವರೆಲ್ಲ "ಹಾ, ಹಾ" ಅಂದರು. ಇನ್ನೊಂದು ಕಾಲು ಊರಿತು. ಆಮೇಲೆ ತಲೆ, ಭುಜ, ಸೆರಗು, ಎಲ್ಲಾ ಒಂದೊಂದಾಗಿ ಮೇಲೆ ಬಂದವು. ನಿಂತರು. ಯಾರನ್ನೂ ಹಿಡಿದುಕೊಳ್ಳದೆ, ಯಾವುದನ್ನೂ ಹಿಡಿದುಕೊಳ್ಳದೆ, ಪಂಕ್ತಿಯ ತುದಿಯಲ್ಲಿ ನೆಟ್ಟಗೆ ನಿಂತರು.

"ಅಂಬಾ ಅನ್ನು ಅಜ್ಜಿ!" ಅಂದಳು ನಂದಿತಾ.

ಅವರು ಅನ್ನಲಿಲ್ಲ. ಅವರ ಬದಲಿಗೆ ಮಕ್ಕಳ ಸಾಲೆಲ್ಲ ಅಂದಿತು. ಏಕಾಂತಯ್ಯನವರು ಪಾಯಸದ ಸೌಟು ಮೇಲೆತ್ತಿ "ಹರಹರ ಮಹಾದೇವ" ಅಂದರು. ಸೀರೆ ಬಳೆಗಳ ಸದ್ದು ಮಾಡುತ್ತಾ ಸಾಲಿಗೆ ಸಾಲೇ ಎದ್ದಿತು. ಸಿದ್ಧಗಂಗಮ್ಮ ನಗಾಡಿ ನಗಾಡಿ ಕಣ್ಣೊರೆಸಿಕೊಳ್ಳಲೂ ಕೈಯಿಲ್ಲದೆ, "ಅಕ್ಕಾ, ನಂಗೂ ಹೇಳ್ಕೊಡು ಮಾರಾಯ್ತಿ. ನಾನೂ ಗೋಡೆ ಹಿಡ್ಕೊಂಡೇ ಏಳೋದು" ಅಂದಳು.

ವಾಪಸು ಬರುವಾಗ ವ್ಯಾನಿನಲ್ಲಿ ಎಲ್ಲರೂ ಅದೇ ಮಾತು. ಇಂದುಧರಪ್ಪ ಮಾತ್ರ ಕಿಟಕಿಯಿಂದಾಚೆ ತೆಂಗಿನ ತೋಟ ನೋಡುತ್ತಾ ಕೂತಿದ್ದರು. ಅಷ್ಟು ದೂರ ಒಂದೂ ಮಾತಿಲ್ಲದೆ ಅವರು ಬಂದದ್ದೇ ಇಲ್ಲ. ಮನೆಯ ಹತ್ತಿರ ಇಳಿಯುವಾಗ, "ಆ ಕರುವಿನ ಆಟ ಮಕ್ಕಳಿಗೆ ಮಾತ್ರನಾ?" ಅಂತ ನಂದಿತಾಳನ್ನು ಕೇಳಿದರು. "ಯಾರ್ ಬೇಕಾದ್ರೂ ಮಾಡ್ಬಹುದು ತಾತ" ಅಂದಳು ಅವಳು. "ಹಂಗಾ" ಅಂದರು.

ಸಂಜೆ ಕಮಲಾಕ್ಷಮ್ಮ ಕಾಫಿ ಹಿಡಿದು ಹಿತ್ತಲಿನ ಗೋಡೌನಿಗೆ ಹೋದರು. ಮೇಲೆ ಅಟ್ಟದಲ್ಲಿ ಕೊಬ್ಬರಿಗೆ ಇಟ್ಟ ಕಾಯಿಗಳ ರಾಶಿ. ಕೆಳಗೆ ಯಾರದೋ ಏದುಸಿರು. ಬಾಗಿಲ ಸಂದಿಯಿಂದ ನೋಡಿದರು. ಗೋಣಿತಾಟಿನ ಮೇಲೆ ಯಜಮಾನರು. ಪಂಚೆಯನ್ನು ಮಂಡಿಯ ಮೇಲಕ್ಕೆ ಕಟ್ಟಿದ್ದರು. ಎಡಗೈ ನೆಲದಲ್ಲಿ, ಬಲಗೈ ಗಾಳಿಯಲ್ಲಿ. ಒಮ್ಮೆ ಹಿಂಭಾಗ ಮೇಲೆತ್ತಿದರು, ಕೂತರು. "ಶಿವನೇ" ಅಂದರು. ಮತ್ತೆ ಎತ್ತಿದರು.

ಕಮಲಾಕ್ಷಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಕರೆಯಲಿಲ್ಲ. ಕಾಫಿಯ ಲೋಟದ ಮೇಲೆ ತಟ್ಟೆ ಮುಚ್ಚಿ, ಸದ್ದಾಗದ ಹಾಗೆ ಕೆಳಗಿಟ್ಟು, ಬಾಗಿಲ ಹೊರಗೆ ತಾವೂ ನೆಲದ ಮೇಲೆ ಕೂತು ಕಾದರು.